ಹದಿನೆಂಟನೆಯ ಮಾರಿನ ಒರತೆ

ಜಾಲಿವಾಡಿ, ಅಂಚೆ ರಾಜೇಶ್ವರ
ತಾಲ್ಲೂಕು ಬಸವಕಲ್ಯಾಣ
12 ಜುಲೈ 1981

ಪ್ರೀತಿಯ ಸೋದರಳಿಯ ಬಕ್ಕಪ್ಪನಿಗೆ ನಿನ್ನ ಮಾಮಾನ ಆಶೀರ್ವಾದ.

‘ಇಲ್ಲಿ ನಾವೆಲ್ಲ ಆರಾಮ ಇದ್ದೇವೆ’ ಎಂದು ಬರೆದು ಮುಂದಕ್ಕೆ ಹೋಗುವುದು ನನ್ನ ರೂಢಿ. ಈ ಸಲ ಆ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಗೆ ಬಂದಾಗ ಕೈ ಬರೆಯುತ್ತದೋ ಇಲ್ಲವೋ ನೋಡೋಣ.

ಮಳೆ ಚೆನ್ನಾಗಿ ಹಿಡಿದಿದೆ. ನಮ್ಮ ಕೆರೆಗೆ ಹನ್ನೆರಡು ಮೆಟ್ಟಿಲು, ನಿನಗೆ ನೆನಪಿರಬೇಕು. ಇಂದು ಬೆಳಿಗ್ಗೆ ಏಳು ಮುಳುಗಿವೆ. ಬರಗಾಲದ ವರ್ಷ ಏರಿ ಎತ್ತರಿಸಿದ ಮೇಲೆ ನೀರು ಐದನ್ನು ದಾಟಿದ್ದನ್ನು ನಾನು ಕಂಡಿಲ್ಲ. ಊರಿನ ರೈತರೆಲ್ಲ ಈಗಲೇ ಕಬ್ಬಿನ ಮಾತು ಆಡುತ್ತಿದ್ದಾರೆ.

ಆದರೆ ಏರಿಯ ಬುಡದಲ್ಲಿ, ಮನೆಗಳ ಕಡೆಗೆ, ಹೊಸದೊಂದು ಒರತೆ ಎದ್ದಿದೆ. ತೂಬಿನಿಂದ ಎಡಕ್ಕೆ ಹದಿನೆಂಟು ಮಾರು. ನಿಮ್ಮವ್ವ ತನ್ನ ಹಿತ್ತಿಲಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳುತ್ತದೆ. ಅದನ್ನು ಮೊದಲು ಕಂಡವಳೂ ಅವಳೇ. ಸೆಗಣಿಯ ಕುಳ್ಳು ತಟ್ಟಲು ಹೋದಾಗ ಕಾಲು ತಣ್ಣಗಾಯಿತಂತೆ. ಮರುದಿನವೇ ಅಲ್ಲಿ ಅರಿಷಿಣ, ಕುಂಕುಮ, ಹಸಿರು ಬಳೆ. ಈಗ ಅದರ ಹೆಸರು ಗಂಗವ್ವ. ಹೆಂಗಸರೆಲ್ಲ ಬೆಳಿಗ್ಗೆ ಎದ್ದು ಅಲ್ಲಿಂದ ತೀರ್ಥ ತರುತ್ತಾರೆ.

“ಮಾಣಿಕಾ, ಏರಿ ಸೋರಾಕತ್ತದ,” ಎಂದೆ.

“ಸೋರೂದು ನಿನ್ನ ಮಾಳಗಿ, ಅಣ್ಣಾ. ಇದು ತಾಯಿ ಬಂದಾಳ. ನೀರಿಲ್ಲದ ಊರಿಗೆ ತಾಯಿ ತಾನಾಗೇ ಬಂದ್ರ, ನೀ ಸೋರಿಕಿ ಅಂತೀ. ನಾಲಿಗ್ಗಿ ಹುಳಾ ಬೀಳ್ತಾವ ನೋಡು,” ಎಂದಳು.

ನಾನು ನಮ್ಮ ತಾಮ್ರದ ಕೊಡ ಇಟ್ಟು ಎಣಿಸಿದೆ. ಇನ್ನೂರ ನಲವತ್ತು ಎಣಿಸುವಷ್ಟರಲ್ಲಿ ತುಂಬಿತು. ಏರಿಯ ಕೆಳಗಿನ ಓಣಿಯಲ್ಲಿ ಮೂವತ್ತೆರಡು ಮನೆಗಳಿವೆ, ನಿಮ್ಮವ್ವನದು ಎಲ್ಲಕ್ಕಿಂತ ಮುಂದೆ. ನೀನು ಹುಮನಾಬಾದಿನಲ್ಲಿ ಕೆರೆಗಳ ಕಾಗದ ನೋಡುವ ಗುಮಾಸ್ತ. ನಿಮ್ಮ ಇಂಜಿನಿಯರ್ ಸಾಹೇಬರನ್ನು ಒಂದು ದಿನ ಕರೆದುಕೊಂಡು ಬಾ. ನನ್ನ ಭಯ ಸುಳ್ಳಾದರೆ ಅವರು ನಗಲಿ. ಆ ನಗೆ ಕೇಳಿದರೆ ನನಗೆ ಎರಡು ತುತ್ತು ಹೆಚ್ಚು ಸೇರುತ್ತದೆ.

ಕೊನೆಗೆ ಇಟ್ಟುಕೊಂಡ ಸಾಲು ಹಾಗೇ ಉಳಿಯಿತು.

ಇಂತಿ ನಿನ್ನ ಮಾಮಾ
ಮಹಾರುದ್ರಪ್ಪ

*

ಹುಮನಾಬಾದ
24 ಜುಲೈ 1981

ಪೂಜ್ಯ ಮಾಮಾ ಅವರ ಪಾದಗಳಿಗೆ ಬಕ್ಕಪ್ಪನ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಹೇಳಿದೆ. ನಮ್ಮ ಇಂಜಿನಿಯರ್ ತುಳಜಾರಾಮ ಸಾಹೇಬರು ನಗಲಿಲ್ಲ, ಆದರೆ ಹೊರಡಲೂ ಇಲ್ಲ. ಅವರ ಪಾಲಿಗೆ ಅರವತ್ತು ಕೆರೆಗಳಿವೆ. ಇರುವ ಒಂದು ಜೀಪು ಹದಿನೈದು ದಿನದಿಂದ ರಿಪೇರಿಗೆ ನಿಂತಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

“ಒರತಿ ಇಲ್ಲದ ಏರಿ ಯಾವದ ಹೇಳ್ರಿ ಬಕ್ಕಪ್ಪ? ನೀರು ತಿಳಿ ಅದನೋ ರಾಡಿ ಅದನೋ ಕೇಳ್ರಿ ನಿಮ್ಮ ಮಾಮಾಗ. ತಿಳಿ ಇದ್ದು ಒಂದೇ ಸಮ ಬರಾಕತ್ತಿದ್ರ ಬರಲಿ. ದಿನದಿಂದ ದಿನಕ್ಕ ಹೆಚ್ಚಾದ್ರ, ಇಲ್ಲಾ ರಾಡಿ ಬಂದ್ರ, ಒಳಗಿನ ಮಣ್ಣು ಹೊಂಟದ ಅಂತ ತಿಳೀಬೇಕು. ಒಂದ ದಿನದ ಮಾತು ನನಗ ಉಪಯೋಗಿಲ್ಲ. ದಿನಾ ನೋಡಿ ಬರದಿಡ್ರಿ ಅಂತ ಹೇಳ್ರಿ.”

ಜೊತೆಗೆ ಊರಿನ ಹತ್ತು ಜನರ ಸಹಿ ಇರುವ ಅರ್ಜಿ ಬೇಕು. ಒಬ್ಬರ ಕಾಗದಕ್ಕೆ ಕಡತ ತೆರೆಯುವುದಿಲ್ಲ. ನಿಯಮ ಹಾಗಿದೆ, ಮಾಮಾ, ನನ್ನ ಮೇಲೆ ಸಿಟ್ಟಾಗಬೇಡಿ.

ಅವ್ವನಿಗೆ ಹೇಳಿ, ಮಳೆಗಾಲ ಮುಗಿಯುವ ತನಕ ನಮ್ಮಲ್ಲಿ ಬಂದು ಇರಲಿ. ಒಂದು ಮಾತು ಕೇಳಬೇಕೆನಿಸಿತು. ಒರತೆಗೆ ತೂಬಿನಿಂದ ಹದಿನೆಂಟು ಮಾರು ಎಂದು ಬರೆದಿದ್ದೀರಿ. ಅಳೆದಿರಾ, ಅಂದಾಜೇ?

ನಿಮ್ಮ ಮಗನಂಥ
ಬಕ್ಕಪ್ಪ

*

ಜಾಲಿವಾಡಿ
11 ಆಗಸ್ಟ್ 1981

ಬಕ್ಕಪ್ಪಾ,

ನಿಮ್ಮ ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸು. ನೋಡಬೇಕಾದದ್ದು ಏನು ಎಂದು ಹೇಳಿಕೊಟ್ಟರು, ಅದು ದೊಡ್ಡದು. ಇಷ್ಟು ದಿನ ನಾನು ಸುಮ್ಮನೆ ಹೆದರುತ್ತಿದ್ದೆ. ಈಗ ಲೆಕ್ಕ ಇಟ್ಟು ಹೆದರುತ್ತಿದ್ದೇನೆ.

ನಾನೊಬ್ಬನೇ ಬರೆದರೆ ಮುದುಕನ ಭ್ರಮೆ ಎಂದು ಬದಿಗೆ ಇಡುತ್ತಾರೆ. ಹೆಂಗಸರು ದಿನವೂ ಅಲ್ಲಿಗೆ ಹೋಗುತ್ತಾರಲ್ಲ, ಅವರನ್ನೇ ಕೇಳಿಕೊಂಡೆ. ಎಣಿಸಿರಿ ಎಂದರೆ ನಲವತ್ತಕ್ಕೆ ಮಾತು ಶುರುವಾಗಿ ಎಣಿಕೆ ತಪ್ಪುತ್ತದೆ. ಆದರೆ ಗಯಾಬಾಯಿ ಹೇಳಿಕೊಡುವ ಆರತಿ ಪದವಿದೆ, ಐದು ನುಡಿ. ಆಕೆ ಎಂದೂ ಅವಸರ ಮಾಡುವವಳಲ್ಲ, ಮಳೆ ಬಂದರೂ ಅದೇ ಲಯ. “ಕೊಡ ಇಟ್ಟು ಪದ ಶುರು ಮಾಡ್ರಿ, ಎಷ್ಟನೇ ನುಡಿಗಿ ತುಂಬತದ ಅಷ್ಟೇ ಹೇಳ್ರಿ,” ಎಂದೆ. ಮೊದಲ ದಿನ ಐದನೆಯ ನುಡಿ ಮುಗಿಯುವುದಕ್ಕೂ ಕೊಡ ತುಂಬುವುದಕ್ಕೂ ಸರಿ ಹೋಯಿತು. ಹೆಂಗಸರಿಗೆ ಅದು ತಾಯಿಯ ಮಹಿಮೆಯಾಗಿ ಕಂಡಿತು.

ಇವತ್ತು ನಾಲ್ಕನೆಯ ನುಡಿಯ ನಡುವೆ ಕೊಡ ತುಂಬಿ ಹರಿಯಿತು. ಮುಳುಗಿದ ಮೆಟ್ಟಿಲು ಎಂಟೂವರೆ.

ದವಾಖಾನೆಯ ಖಾಲಿ ಬಾಟಲಿಗಳನ್ನು ತೊಳೆದು ಇಟ್ಟಿದ್ದೇನೆ. ದಿನಕ್ಕೊಂದು ಬಾಟಲಿ ಒರತೆಯ ನೀರು ಕಿಟಕಿಯಲ್ಲಿ ನಿಲ್ಲಿಸಿ, ಮರುದಿನ ತಳ ನೋಡುತ್ತೇನೆ. ಈವರೆಗೆ ತಿಳಿ ಇದೆ, ದೇವರು ದೊಡ್ಡವನು.

ಸಹಿಯ ಮಾತು ಬೇಡ. ಎರಡು ಸಿಕ್ಕಿವೆ, ನನ್ನದು ಮತ್ತು ತೂಬು ನೋಡಿಕೊಳ್ಳುವ ಮೊಹಿನುದ್ದೀನನದು. ನಿಮ್ಮವ್ವ ಮುಖಕ್ಕೆ ಹೊಡೆದ ಹಾಗೆ ಹೇಳಿದಳು, “ತಾಯಿ ಮ್ಯಾಲ ಅರ್ಜಿ ಬರೀತೀ? ಬರಿ. ಹೆಬ್ಬಟ್ಟು ನಾ ಒತ್ತಂಗಿಲ್ಲ.” ಈಗ ಒರತೆಯ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ಮೇಲೊಂದು ನಲ್ಲಿ ಕೂರಿಸುವ ಆಲೋಚನೆ ನಡೆದಿದೆ. ನೀರಿನ ಬಾಯಿ ಕಟ್ಟಿದರೆ ಅದು ಬೇರೆ ಬಾಯಿ ತೆರೆಯದೆ ಇರುತ್ತದೆಯೇ? ಸಾಹೇಬರನ್ನು ಕೇಳು.

ಹುಮನಾಬಾದಿಗೆ ಬರುವುದಿಲ್ಲವಂತೆ ನಿಮ್ಮವ್ವ. ಎಮ್ಮೆ ಈಯುವ ಹೊತ್ತು ಎನ್ನುತ್ತಾಳೆ. ಹೋದ ವರ್ಷವೂ ಇದನ್ನೇ ಹೇಳಿದ್ದಳು.

ಹದಿನೆಂಟು ಮಾರು ಅಂದಾಜಲ್ಲ.

ನಿನ್ನ ಮಾಮಾ
ಮಹಾರುದ್ರಪ್ಪ

*

ಹುಮನಾಬಾದ
26 ಆಗಸ್ಟ್ 1981

ಪೂಜ್ಯ ಮಾಮಾ ಅವರಿಗೆ,

ಕಟ್ಟೆ ಕಟ್ಟಬಾರದು ಎಂದು ಸಾಹೇಬರು ಎರಡು ಸಲ ಹೇಳಿದರು. ಬೇಕಾದರೆ ಒರತೆಯ ಮೇಲೆ ಮೊದಲು ಮರಳು, ಅದರ ಮೇಲೆ ಗರಸು, ಅದರ ಮೇಲೆ ಕಲ್ಲು ಹಾಕಬೇಕಂತೆ. ನೀರು ಹೊರಗೆ ಬರಲಿ, ಮಣ್ಣು ಒಳಗೆ ಉಳಿಯಲಿ ಎಂದು. ಆರತಿ ಪದದ ಲೆಕ್ಕ ಕೇಳಿ ಅವರು ಪೆನ್ನು ಕೆಳಗಿಟ್ಟರು. “ಇಂಥಾ ಗಡಿಯಾರ ನಮ್ಮ ಕಛೇರಿಗಿ ಕೊಡಲಿಲ್ಲಲ್ಲ ಸರಕಾರ,” ಎಂದರು. ಆಮೇಲೆ ನಿಮ್ಮ ಎರಡೇ ಸಹಿಯ ಅರ್ಜಿಗೆ ಕಡತ ತೆರೆಯಲು ಹೇಳಿದರು.

ಏರಿಯ ಒಳಗೆ ಆ ಜಾಗದಲ್ಲಿ ಏನಿದೆ ಎಂದು ನೋಡಲು ಹಳೆಯ ಕಾಗದ ತೆಗೆಸಿದರು. ತೆಗೆದವನು ನಾನೇ. 1972ರ ಬರಗಾಲದ ಕೆಲಸದ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಹಾಗೆಯೇ ನಕಲು ಮಾಡಿದ್ದೇನೆ:

‘ತೂಬಿನಿಂದ ಎಡಕ್ಕೆ 108 ಅಡಿ ದೂರದಲ್ಲಿ ಏರಿಯ ಸಾಲಿಗೆ ಬಂದ ಹುಣಸೆ ಮರದ ಬುಡವನ್ನು ಬೇರುಸಹಿತ ಕಿತ್ತು ತೆಗೆಯಲಾಗಿದೆ. ಗುಂಡಿ ತುಂಬಿ, ಮಣ್ಣು ಕುಟ್ಟಿ ಧಮ್ಮಸ್ ಮಾಡಲಾಗಿದೆ. ಮುಕಾದಮ, ಮಹಾರುದ್ರಪ್ಪ.’

ಮಾರಿಗೆ ಆರು ಅಡಿಯಂತೆ ನೂರ ಎಂಟನ್ನು ಭಾಗಿಸಿದೆ, ಮಾಮಾ. ಹದಿನೆಂಟು ಮಾರು ಬಂತು.

ಆ ವರ್ಷ ನಾನು ಬಸವಕಲ್ಯಾಣದ ಹಾಸ್ಟೆಲಿನಲ್ಲಿದ್ದೆ. ನೀವು ಕೂಲಿಯವರ ಮೇಲೆ ಮುಕಾದಮರಾಗಿದ್ದಿರಿ ಎಂದು ಕೇಳಿದ್ದೆ, ಇಷ್ಟೇ ನನಗೆ ಗೊತ್ತಿದ್ದದ್ದು. ಅಕ್ಷರ ನಿಮ್ಮದು. ಹೆಸರಿನ ‘ದ್ರ’ ಬರೆಯುವಾಗ ಬಾಲ ಉದ್ದ ಎಳೆಯುತ್ತೀರಲ್ಲ, ಆಗಲೂ ಹಾಗೇ.

ಸಾಹೇಬರಿಗೆ ಈ ಪುಟ ಇನ್ನೂ ತೋರಿಸಿಲ್ಲ. ತೋರಿಸಲೋ ಬೇಡವೋ, ನೀವು ಬರೆಯಿರಿ. ಬೇರೇನೂ ಕೇಳುವುದಿಲ್ಲ.

ಬಕ್ಕಪ್ಪ

*

ಜಾಲಿವಾಡಿ
4 ಸೆಪ್ಟೆಂಬರ್ 1981

ಬಕ್ಕಪ್ಪಾ,

ಮೂರನೆಯ ನುಡಿ. ಮುಳುಗಿದ ಮೆಟ್ಟಿಲು ಹತ್ತು. ಬಾಟಲಿಯ ತಳದಲ್ಲಿ ಉಗುರಿನಷ್ಟು ಮಣ್ಣು.

ಸಿಮೆಂಟಿನ ಚೀಲಗಳು ಬಂದು ನಿಮ್ಮವ್ವನ ಪಡಸಾಲೆಯಲ್ಲಿ ಕುಳಿತಿವೆ. ಹುಣ್ಣಿಮೆಗೆ ಕಟ್ಟೆ ಎನ್ನುತ್ತಾರೆ. ಗಯಾಬಾಯಿ ಮಾತ್ರ ನಿನ್ನೆ ನನ್ನನ್ನು ಕರೆದು ಕೇಳಿದಳು, “ಕಾಕಾ, ಪದ ಯಾಕ ಅರ್ಧಾ ಆಗಾಕತ್ತದ? ತಾಯಿಗಿ ನಮ್ಮ ಪದ ಸೇರವಲ್ದೇನು?” ಅರವತ್ತೆಂಟು ವರ್ಷದವನು, ಒಬ್ಬ ಹೆಣ್ಣುಮಗಳ ಪ್ರಶ್ನೆಗೆ ಬೆನ್ನು ತೋರಿಸಿ ಬಂದೆ.

ನೀನು ನಕಲು ಮಾಡಿ ಕಳಿಸಿದ್ದನ್ನು ಓದಿದೆ. ಉತ್ತರ ಬರೆಯಲು ಕುಳಿತು ಮೂರು ಕಾಗದ ಹಾಳು ಮಾಡಿದೆ. ನಿನಗೆ ಒಂದು ಕಾಗದವೂ ಬರಲಿಲ್ಲವೆಂದು ಗಾಬರಿಯಾಗಬಾರದು, ಅದಕ್ಕೇ ಇಷ್ಟು.

ಮಾಮಾ

*

ಜಾಲಿವಾಡಿ
9 ಸೆಪ್ಟೆಂಬರ್ 1981, ಬೆಳಿಗ್ಗೆ

ಬಕ್ಕಪ್ಪಾ,

ಇದನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಕಾಯುವ ಹೊತ್ತು ಇದಲ್ಲ.

ಇಂದು ಎರಡನೆಯ ನುಡಿ ಮುಗಿಯುವ ಮೊದಲೇ ಕೊಡ ತುಂಬಿತು. ನಿನ್ನೆಯ ಬಾಟಲಿಯಲ್ಲಿ ಎರಡು ಬೆರಳು ಮಣ್ಣು ಕುಳಿತಿದೆ. ಅದರೊಳಗೆ ಕಪ್ಪು ಪುಡಿ. ಬೆರಳಲ್ಲಿ ತಿಕ್ಕಿ ಮೂಸಿದೆ. ಮಣ್ಣಲ್ಲ, ಕೊಳೆತ ಕಟ್ಟಿಗೆ.

ಪುಸ್ತಕದ ಆ ಸಾಲು ಸುಳ್ಳು. ಹುಣಸೆ ಬುಡ ಕಿತ್ತಿಲ್ಲ. ಮರ ಕಡಿದೆವು, ಬುಡ ಹಾಗೇ ಇದೆ, ಮೂರು ಜನ ಕೈ ಚಾಚಿ ತಬ್ಬುವಷ್ಟು. ಅದರ ಬೇರು ಕೊಳೆತು ಟೊಳ್ಳಾದ ಕಡೆ ಈಗ ನೀರು ದಾರಿ ಮಾಡಿಕೊಂಡಿದೆ. ಆ ಕೆಲಸದಲ್ಲಿ ಹೊತ್ತು ಹಾಕಿದ ಮಣ್ಣಿನ ಅಳತೆಗೆ ಜೋಳ ಕೊಡುತ್ತಿದ್ದರು. ಬೇರು ಅಗೆದದ್ದು ಅಳತೆಗೆ ಬರುತ್ತಿರಲಿಲ್ಲ. ಬುಡ ತೆಗೆಯಲು ಆರು ದಿನ ಬೇಕಿತ್ತು. ಆರು ದಿನ ಜಾಲಿವಾಡಿಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಓವರ್ಸಿಯರ್ ಬರುವಷ್ಟರಲ್ಲಿ ಮಣ್ಣು ಮುಚ್ಚಿಸಿದೆ. ತೆಗೆಯಲಾಗಿದೆ ಎಂದು ಬರೆದು ಸಹಿ ಹಾಕಿದೆ.

ಆಗ ಏರಿಯ ಕೆಳಗೆ ಒಂದು ಮನೆಯೂ ಇರಲಿಲ್ಲ, ಇದನ್ನು ನೀನು ನಂಬಬೇಕು. ಆಮೇಲೆ ಒಂದೊಂದಾಗಿ ಕಟ್ಟಿದರು. ನಿಮ್ಮಪ್ಪ ತೀರಿಕೊಂಡ ಮೇಲೆ ನಿಮ್ಮವ್ವನ ಮನೆಗೆ ಅಲ್ಲಿ ಗೂಟ ಹೊಡೆದು ಹಗ್ಗ ಹಿಡಿದವನು ನಾನೇ. ಆ ದಿನವಾದರೂ ಬಾಯಿ ಬಿಡಬೇಕಿತ್ತು. ಇನ್ನೊಬ್ಬರು ಕಟ್ಟಿದ ಮೇಲೆ ಹೇಳಿದರಾಯಿತು, ಮಳೆ ಬಂದ ಮೇಲೆ ಹೇಳಿದರಾಯಿತು ಎಂದು ಒಂಬತ್ತು ವರ್ಷ ಕಳೆದೆ. ಮಳೆಗಾಲ ಬಂದಾಗಲೆಲ್ಲ ತೂಬಿನಿಂದ ಹದಿನೆಂಟು ಮಾರು ನಡೆದು, ನಿಂತು, ನೋಡಿ ಬರುತ್ತಿದ್ದೆ.

ಆ ಪುಟ ಸಾಹೇಬರಿಗೆ ತೋರಿಸು. ಈ ಕಾಗದವನ್ನೂ ತೋರಿಸು. ಜೀಪು ಇಲ್ಲದಿದ್ದರೆ ಲಾರಿಯಲ್ಲಿ ಬರಲಿ.

ಮಹಾರುದ್ರಪ್ಪ

*

ಜಾಲಿವಾಡಿ
21 ಸೆಪ್ಟೆಂಬರ್ 1981

ಬಕ್ಕಪ್ಪಾ,

ಮರುದಿನವೇ ತುಳಜಾರಾಮ ಸಾಹೇಬರು ಕಲ್ಲು ಸಾಗಿಸುವ ಲಾರಿಯಲ್ಲಿ ಬಂದರು. ನೀನು ಅದೇ ಹೊತ್ತಿಗೆ ನೀರು ಬಿಡುವ ಅಪ್ಪಣೆಗೆಂದು ಬೀದರಿಗೆ ಹೋಗಿದ್ದೆಯಂತೆ. ಇಲ್ಲಿ ನಡೆದದ್ದನ್ನು ನಾನೇ ಹೇಳಬೇಕು. ನಿಮ್ಮವ್ವ ಹೇಳಿದರೆ ಅದರಲ್ಲಿ ಅರ್ಧ ನನ್ನ ಮೇಲಿನ ಬೈಗುಳವೇ ಇರುತ್ತದೆ.

ಸಾಹೇಬರು ಒರತೆಯ ಮುಂದೆ ಚಪ್ಪಲಿ ಬಿಟ್ಟು ಕುಕ್ಕರಗಾಲಿನಲ್ಲಿ ಕುಳಿತರು. ಚಪ್ಪಲಿ ಬಿಟ್ಟಿದ್ದನ್ನು ಹೆಂಗಸರು ನೋಡಿದರು. ಗಯಾಬಾಯಿಯನ್ನು ಕರೆದು ಕೇಳಿದರು. ಅವಳು ಸೆರಗು ಸರಿ ಮಾಡಿಕೊಂಡು ಒಂದೊಂದೇ ವಾರದ ನುಡಿ ಹೇಳಿದಳು. ಐದು, ನಾಲ್ಕು, ಮೂರು, ಎರಡು. ನಾನು ದಿನದ ಲೆಕ್ಕ ಬರೆದಿಟ್ಟ ಪುಸ್ತಕಕ್ಕೂ ಅವಳ ಬಾಯಿಗೂ ಒಂದು ದಿನದ ವ್ಯತ್ಯಾಸ ಬರಲಿಲ್ಲ. ಸಾಹೇಬರು ಎದ್ದು ನಿಂತು ಏರಿಯ ಮೇಲೆ ಜನ ಸೇರಿಸಿದರು.

“ನೀರು ಇಳಸ್ಬೇಕು. ಆರು ಮೆಟ್ಟಲ ಕಾಣೂ ತನಕ ತೂಬು ತೆಗೀರಿ. ಕೋಡೀನೂ ಕಡೀರಿ.”

ಗದ್ದಲ ಎದ್ದಿತು. ಹತ್ತು ವರ್ಷಕ್ಕೊಮ್ಮೆ ತುಂಬಿದ ಕೆರೆ ಇದು. “ಸಾಹೇಬ್ರ, ನಿಮಗ ಪಗಾರ ಮಳಿಯಿಂದ ಬರಂಗಿಲ್ಲ, ನಮಗ ಬರತದ,” ಎಂದ ಒಬ್ಬ. “ಪದಾ ಜಲ್ದಿ ಹಾಡಿದ್ರ ಕೊಡ ತಡಾ ತುಂಬತದ,” ಎಂದು ಇನ್ನೊಬ್ಬ ನಗಿಸಿದ. ಮೊಹಿನುದ್ದೀನ ತೂಬಿನ ಹತ್ತಿರ ನಿಂತಿದ್ದ, ಯಾರ ಮುಖ ನೋಡಬೇಕೆಂದು ತಿಳಿಯದೆ.

ಆಗ ನಾನು ಹೇಳಿದೆ. ಬುಡದ ಮಾತು, ಜೋಳದ ಮಾತು, ಸಹಿಯ ಮಾತು. ನಿನಗೆ ಬರೆಯುವಾಗ ಮೂರು ಕಾಗದ ಹಾಳಾಗಿದ್ದವು, ಅಲ್ಲಿ ಒಂದೇ ಉಸಿರಿಗೆ ಬಂತು. ಕೆಳಗಿನ ಓಣಿಯ ಹೊಗೆ ಕಾಣುತ್ತಿತ್ತು, ಅಡುಗೆಯ ಹೊತ್ತು. ಕಲ್ಲು ಬಿದ್ದರೂ ಬೀಳಲಿ ಎಂದು ತಲೆ ತಗ್ಗಿಸಿ ನಿಂತೆ.

ನಿಮ್ಮವ್ವ ಹಿಂದಿನಿಂದ ಕೂಗಿದಳು, “ಅಣ್ಣಾ, ಕುಂದ್ರು ಸಾಕು. ನೀ ಒಬ್ಬಾಂವ ಮುಚ್ಚಿದ್ದೇನು ಆ ಬುಡಾ? ಅದರ ಮ್ಯಾಲ ಮೊದಲ್ನೇ ಬುಟ್ಟಿ ಸುರುವಿದಾಕಿ ನಾನು.”

ನಾನು ತಿರುಗಿ ನೋಡಿದೆ. “ಗೊತ್ತಿದ್ದೂ ಗಂಗವ್ವ ಅಂದ್ಯಾ, ಮಾಣಿಕಾ?”

“ಮತ್ತೇನನ್ಲಿ? ಬುಡಾ ಅಂದ್ಕೊಂಡ್ರ ಆ ಮನ್ಯಾಗ ನನಗ ನಿದ್ದಿ ಹತ್ತಬೇಕಲ್ಲ!”

ಒಬ್ಬರ ಮುಖ ಒಬ್ಬರು ನೋಡಿದರು. ಆ ದಿನ ಬುಟ್ಟಿ ಹೊತ್ತವರು ಅಲ್ಲಿ ಇಪ್ಪತ್ತು ಜನ ಇದ್ದರು, ಬಕ್ಕಪ್ಪಾ. ನನ್ನ ಗುಟ್ಟು ಎಂದು ನಾನೊಬ್ಬನೇ ಹೊತ್ತುಕೊಂಡದ್ದನ್ನು ಅವರೆಲ್ಲ ಮನೆಮನೆಯಲ್ಲಿ ಹೊತ್ತುಕೊಂಡಿದ್ದರು. ಯಾರು ಮೊದಲು ಇಳಿಸಬೇಕು ಎಂಬುದಷ್ಟೇ ಬಾಕಿ ಇತ್ತು. ನಿಮ್ಮವ್ವನೇ ಹೇಳಿದಳು, “ಮೊಹಿನುದ್ದೀನಾ, ಏನ್ ನೋಡಾಕತ್ತೀ? ತೂಬು ತೆಗಿ.”

ಪಡಸಾಲೆಯ ಸಿಮೆಂಟು ಅಲ್ಲೇ ಉಳಿಯಿತು. ಒರತೆಯ ಮೇಲೆ ಮರಳು, ಗರಸು, ಕಲ್ಲು ಬಿದ್ದವು, ಕಬ್ಬಿನ ಮಾತಾಡಿದವರೇ ಹೊತ್ತು ತಂದರು. ಐದನೆಯ ದಿನ ಮಧ್ಯಾಹ್ನ ಹಿಡಿದ ಮಳೆ ನಿನಗೆ ಅಲ್ಲಿಯೂ ಗೊತ್ತಾಗಿರಬೇಕು. ಇಳಿಸಿದ ನೀರಿನಲ್ಲಿ ಅರ್ಧ ಒಂದೇ ದಿನಕ್ಕೆ ತಿರುಗಿ ಬಂತು. ಓಣಿಯವರೆಲ್ಲ ಗಂಟು ಕಟ್ಟಿಕೊಂಡು ಗುಡಿಯಲ್ಲಿ ಕುಳಿತಿದ್ದರು, ನಿಮ್ಮವ್ವ ಎಮ್ಮೆಯ ಸಮೇತ. ನಾನು ಏರಿಯ ಮೇಲೆ ಛತ್ರಿ ಹಿಡಿದು ಮೆಟ್ಟಿಲು ಎಣಿಸುತ್ತಿದ್ದೆ. ಎಂಟರಲ್ಲಿ ನಿಂತಿತು. ಏರಿಯೂ ನಿಂತಿತು. ಮೊದಲಿನ ಹತ್ತರ ಮೇಲೆ ಆ ಮಳೆ ಬಿದ್ದಿದ್ದರೆ ಎಂದು ಯೋಚಿಸುತ್ತೇನೆ, ಅರ್ಧಕ್ಕೆ ಬಿಡುತ್ತೇನೆ.

ಸುಳ್ಳು ಬರೆದದ್ದಕ್ಕೆ ನನಗೇನು ಶಿಕ್ಷೆ ಎಂದು ಸಾಹೇಬರನ್ನು ಕೇಳಿದೆ. “ಬ್ಯಾಸಗಿಗಿ ಬರ್ತೀನಿ. ಎಲ್ಲಿ ಅಗೀಬೇಕು ತೋರಸ್ರಿ,” ಎಂದರು, ಅಷ್ಟೇ.

ನಿನ್ನ ಮಾಮಾ
ಮಹಾರುದ್ರಪ್ಪ

*

ಜಾಲಿವಾಡಿ
3 ಆಗಸ್ಟ್ 1982

ಪ್ರೀತಿಯ ಬಕ್ಕಪ್ಪನಿಗೆ,

ಏಪ್ರಿಲ್‌ನಲ್ಲಿ ಏರಿ ಬಿಡಿಸಿ ಬುಡ ತೆಗೆದಾಗ ನೀನು ಇಲ್ಲೇ ಇದ್ದೆ. ಬೇರು ಹೋದ ದಾರಿಯಲ್ಲಿ ನೀನು ಕೈ ಹಾಕಿ, ಮೊಣಕೈ ತನಕ ಹೋಯಿತೆಂದು ಬೆಚ್ಚಿಬಿದ್ದದ್ದು ನನ್ನ ಕಣ್ಣಿಂದ ಹೋಗಿಲ್ಲ. ಆ ಗುಂಡಿ ತುಂಬಿದ ಮೇಲೆ ಇದು ಮೊದಲ ಮಳೆಗಾಲ. ಎರಡು ತಿಂಗಳು ನಾನು ಊಟ ಮಾಡಿದೆನೆಂದರೆ ಮಾಡಿದೆ, ಅಷ್ಟೇ.

ಇಂದು ಮುಳುಗಿದ ಮೆಟ್ಟಿಲು ಹತ್ತು. ಹೆಂಗಸರು ಎಂದಿನಂತೆ ಹೋದರು. ನಾನೂ ಹೋದೆ. ಕಲ್ಲುಗಳ ಸಂದಿಯಲ್ಲಿ ಕೊಡ ಇಟ್ಟರು. ಗಯಾಬಾಯಿ ಪದ ಎತ್ತಿದಳು. ಮೂರನೆಯ ನುಡಿಯಲ್ಲಿ ನಾನು ಬಗ್ಗಿ ಕೊಡದೊಳಗೆ ನೋಡಿದೆ, ಹೋದ ವರ್ಷದ ಅಭ್ಯಾಸ. ಐದೂ ನುಡಿ ಮುಗಿದವು. ಮತ್ತೆ ಮೊದಲಿಂದ ಹಾಡಿದರು, ಮತ್ತೆ ಐದು. ಕೊಡದ ತಳ ಒದ್ದೆಯಾಗಿತ್ತು, ಅಷ್ಟೇ.

“ತಾಯಿ ಮುನಿಸ್ಕೊಂಡಾಳೇನು ವೈನಿ?” ಎಂದಳು ಗಯಾಬಾಯಿ.

“ಮುನಿಸ್ಯಾಕ? ಕೆರ್‍ಯಾಗ ಕುಂತಾಳ, ಆರಾಮ,” ಎಂದಳು ನಿಮ್ಮವ್ವ.

ನಿನಗೊಂದು ಕೆಲಸ ಹೇಳುತ್ತೇನೆ. ಆ ಹಳೆಯ ಪುಸ್ತಕದಲ್ಲಿ ನನ್ನ ಸಾಲನ್ನು ಅಳಿಸಬೇಡ. ಅದರ ಕೆಳಗೆ ಜಾಗ ಇದ್ದರೆ ಬರೆ: 1972ರಲ್ಲಿ ತೆಗೆಯಲಿಲ್ಲ, 1982ರ ಏಪ್ರಿಲ್‌ನಲ್ಲಿ ತೆಗೆಯಲಾಗಿದೆ. ಸಹಿ ಮಾಡಲು ನಾನೇ ಬರುತ್ತೇನೆ. ನಿಮ್ಮವ್ವ ಹೆಬ್ಬೆಟ್ಟು ಒತ್ತಲು ತಾನೂ ಬರುತ್ತಾಳಂತೆ, ಎಮ್ಮೆ ಈದ ಮೇಲೆ.

ಬೆಳಿಗ್ಗೆ ಖಾಲಿ ಕೊಡ ಎದುರಾದರೆ ನಮ್ಮಲ್ಲಿ ಹೊರಟವರು ಹಿಂದಕ್ಕೆ ಬರುತ್ತಾರೆ, ನಿನಗೆ ಗೊತ್ತು. ಈಗ ನಿಮ್ಮವ್ವ ದಿನವೂ ಏರಿಯ ಬುಡದಿಂದ ಖಾಲಿ ಕೊಡ ಹೊತ್ತು ಊರ ನಡುವೆಯೇ ಬರುತ್ತಾಳೆ. ಹೊಲಕ್ಕೆ ಹೊರಟವರು ಅವಳನ್ನು ನಿಲ್ಲಿಸಿ, ಕೊಡದೊಳಗೆ ಇಣುಕಿ ನೋಡಿ, ಆಮೇಲೆ ಮುಂದೆ ಹೋಗುತ್ತಾರೆ.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ.

ನಿನ್ನ ಮಾಮಾ
ಮಹಾರುದ್ರಪ್ಪ